ಎರಡನೇ ವಲಯ ಅಂದ್ರೆ ಸೊನ್ನೆ ಅಲ್ಲ

ಬಳ್ಳಾರಿ ಕಡೆಯವರ ಹತ್ತಿರ ಭೂಕಂಪದ ಮಾತು ತೆಗೆದು ನೋಡಿ. ಉತ್ತರ ಒಂದೇ ಬರುತ್ತೆ: "ನಮ್ ಕಡೆ ಅದೆಲ್ಲ ಆಗಂಗಿಲ್ಲ ಬಿಡ್ರಿ, ನಮ್ದು ಬಂಡೆಗಲ್ಲು." ಊರ ನಡುವೆ ಏಕಶಿಲೆಯ ಕೋಟೆ ಗುಡ್ಡ ನಿಂತಿರುವಾಗ ಹಾಗನ್ನಿಸೋದು ಸಹಜವೇ. ಸರ್ಕಾರಿ ನಕಾಶೆಯೂ ಸುಮಾರಾಗಿ ಅದನ್ನೇ ಹೇಳಿದೆ. ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ಬಳ್ಳಾರಿ ಇರೋದು ಎರಡನೇ ವಲಯದಲ್ಲಿ, ಅಂದರೆ ಆ ನಕಾಶೆಯ ಪ್ರಕಾರ ಅಪಾಯ ಅತಿ ಕಡಿಮೆ ಇರುವ ಜಾಗ. ಬೆಳಗಾವಿ, ವಿಜಯಪುರ, ಕಾರವಾರ, ಮಂಗಳೂರು ಮೂರನೇ ವಲಯ. ಹಾಗಾಗಿ ನಮಗ್ಯಾಕೆ ಈ ಉಸಾಬರಿ ಅಂತ ಕೇಳೋದು ತಪ್ಪಲ್ಲ.

ಆದರೆ ಎರಡು ಸಂಗತಿ ನೆನಪಿಟ್ಟುಕೊಳ್ಳಬೇಕು. ಒಂದು, ಹಳೆಯ ಭೂಕಂಪಗಳ ಪಟ್ಟಿಯಲ್ಲಿ ಬಳ್ಳಾರಿ ಹೆಸರೂ ಇದೆ: 1843ರ ಏಪ್ರಿಲ್ 1. ಇನ್ನೊಂದು, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ನಡುಗಿ ಹತ್ತು ಸಾವಿರದ ಆಸುಪಾಸು ಜನ ಸತ್ತರಲ್ಲ, ಆ ದಿನ ಕಿಲ್ಲಾರಿ ನಕಾಶೆಯ ಯಾವ ವಲಯದಲ್ಲಿತ್ತು ಗೊತ್ತಾ? ಒಂದನೇ ವಲಯದಲ್ಲಿ! ಆಗಿನ ನಕಾಶೆಯಲ್ಲಿ ಅದಕ್ಕಿಂತ ಸುರಕ್ಷಿತ ಜಾಗವೇ ಇರಲಿಲ್ಲ. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿದರು. ಕಿಲ್ಲಾರಿ ನಮ್ಮಿಂದ ನೇರ ಉತ್ತರಕ್ಕೆ ಮುನ್ನೂರು ಚಿಲ್ಲರೆ ಕಿಲೋಮೀಟರು. ಅಲ್ಲಿ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲಿನ ತೊಲೆ, ಅದರ ಮೇಲೆ ಹೇರಿದ ಮಣ್ಣು. ಸಿರುಗುಪ್ಪ, ಕುರುಗೋಡು ಕಡೆಯ ಮಾಳಿಗೆ ಮನೆ ನೋಡಿದವರಿಗೆ ಈ ವರ್ಣನೆ ಹೊಸದಲ್ಲ.

ನನ್ನ ಪ್ರಕಾರ ನಕಾಶೆಯ ವಲಯ ಅನ್ನೋದು ಒಂದು ಅಂದಾಜು, ಗ್ಯಾರಂಟಿ ಕಾರ್ಡ್ ಅಲ್ಲ.

ಇರಲಿ, ವಿಷಯಕ್ಕೆ ಬರ್ತೀನಿ. ಮಾಳಿಗೆ ಮನೆಗಳು ಒಂದೊಂದಾಗಿ ಹೋಗ್ತಿವೆ. ಅವುಗಳ ಜಾಗಕ್ಕೆ ಪಿಲ್ಲರ್ ಮನೆಗಳು ಬಂದಿವೆ, ಮುಂದೆ ಕಾಂಕ್ರೀಟ್ ಪ್ಯಾನೆಲ್ ಮನೆಗಳೂ ಬರುತ್ತವೆ. ಪ್ಯಾನೆಲ್ ಅಂದರೆ ಕಾರ್ಖಾನೆಯಲ್ಲೇ ಎರಕ ಹೊಯ್ದು ಲಾರಿಯಲ್ಲಿ ತಂದು ಕ್ರೇನಿನಿಂದ ನಿಲ್ಲಿಸೋ ಗೋಡೆ. ಕೇಂದ್ರ ಸರ್ಕಾರದ ಲೈಟ್ ಹೌಸ್ ಯೋಜನೆಯಲ್ಲಿ ಚೆನ್ನೈನಲ್ಲಿ 1,152 ಮನೆಗಳನ್ನು ಪ್ರೀಕಾಸ್ಟ್ ಪದ್ಧತಿಯಲ್ಲೇ ಕಟ್ಟಿದರು. 2021ರ ಜನವರಿ 1ರಂದು ಶಂಕುಸ್ಥಾಪನೆ, 2022ರ ಮೇ ತಿಂಗಳಲ್ಲಿ ಉದ್ಘಾಟನೆ. ಮದ್ರಾಸ್ ಐಐಟಿಯವರು ಗಾಜಿನ ನಾರು ಸೇರಿಸಿದ ಜಿಪ್ಸಂ ಪ್ಯಾನೆಲ್‌ಗಳ ಮನೆಯನ್ನು 2013ರಲ್ಲೇ ತಮ್ಮ ಕ್ಯಾಂಪಸ್ಸಿನಲ್ಲಿ ಕಟ್ಟಿ ತೋರಿಸಿದ್ದಾರೆ. 12 ಮೀಟರ್ ಉದ್ದ, 3 ಮೀಟರ್ ಎತ್ತರ, 124 ಮಿ.ಮೀ. ದಪ್ಪದ ಪೊಳ್ಳು ಹಲಗೆ. ಪೊಳ್ಳಿನೊಳಗೆ ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬಿದರೆ ಅದೇ ಗೋಡೆ. ತೋರಣಗಲ್ಲಿನ ಉಕ್ಕು, ಕುಡತಿನಿಯ ಉಷ್ಣ ಸ್ಥಾವರದ ಹಾರುಬೂದಿ ಕಾಲಬುಡದಲ್ಲೇ ಇರೋ ನಮ್ಮ ಜಿಲ್ಲೆಗೆ ಈ ಕೆಲಸ ದೂರದ್ದೇನಲ್ಲ. ನಾನು ಪ್ಯಾನೆಲ್ ವಿರೋಧಿ ಅಂದುಕೊಳ್ಳಬೇಡಿ. ಬೇಗ ಆಗುತ್ತೆ, ಮರಳು ಕಡಿಮೆ ಸಾಕು, ಕಾಂಕ್ರೀಟಿನ ಗುಣಮಟ್ಟ ಕಾರ್ಖಾನೆಯಲ್ಲೇ ನೋಡಿಕೊಳ್ಳಬಹುದು. ಒಳ್ಳೆಯದೇ.

ನನ್ನ ತಕರಾರು ಬೇರೆ. ಇಂಥ ಕಟ್ಟಡಗಳ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿದರೆ ಸಿಗೋ ಉತ್ತರ ಹೀಗಿರುತ್ತೆ: "ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿದ್ದೀವಿ, ಸೇಫ್ ಇದೆ." ಜೊತೆಗೊಂದು ಬಣ್ಣದ ಚಿತ್ರ. ನೀಲಿ ಇದ್ದಲ್ಲಿ ಆರಾಮ, ಕೆಂಪು ಇದ್ದಲ್ಲಿ ಒತ್ತಡ. ಕಟ್ಟಡ ಪೂರ್ತಿ ನೀಲಿ ಕಂಡರೆ ಎಲ್ಲರೂ ತಲೆ ಆಡಿಸ್ತಾರೆ. ದಿನಾ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನನಗೆ ಈ ಮಾತು ಕೇಳಿದ ತಕ್ಷಣ ಕಿವಿ ನೆಟ್ಟಗಾಗುತ್ತೆ. "ನನ್ನ ಮಷೀನಲ್ಲಿ ಓಡ್ತಾ ಇದೆ" ಅನ್ನೋ ಮಾತಿನ ಸಿವಿಲ್ ರೂಪ ಇದು :-)

ನಮ್ಮ ಕೆಲಸ ಗೊತ್ತಿರುವವರಿಗೆ ಇದು ಅನುಭವದ ಮಾತು. ಬಗ್ ಸಾಮಾನ್ಯವಾಗಿ ಮಾಡ್ಯೂಲಿನ ಒಳಗೆ ಇರಲ್ಲ, ಎರಡು ಮಾಡ್ಯೂಲ್ ಸೇರೋ ಕಡೆ ಇರುತ್ತೆ. ಪ್ರತಿಯೊಂದನ್ನೂ ಬೇರೆ ಬೇರೆ ಪರೀಕ್ಷೆ ಮಾಡಿದರೆ ಪಾಸ್, ಸೇರಿಸಿದರೆ ಫೇಲ್. ಪ್ಯಾನೆಲ್ ಕಟ್ಟಡದ್ದೂ ಇದೇ ಕಥೆ. ಪ್ಯಾನೆಲ್ ಗಟ್ಟಿ, ಕೀಲು ಮೆತ್ತಗೆ.

ಸುಮ್ಮನೆ ಹೇಳ್ತಿಲ್ಲ. ಲಂಡನ್ನಿನ ರೋನನ್ ಪಾಯಿಂಟ್ ಅಂತ 22 ಮಹಡಿಯ ಪ್ಯಾನೆಲ್ ಕಟ್ಟಡ ಇತ್ತು. 1968ರ ಮೇ 16ರಂದು 18ನೇ ಮಹಡಿಯ ಅಡುಗೆಮನೆಯಲ್ಲಿ ಗ್ಯಾಸ್ ಸಿಡಿದು ಒಂದು ಗೋಡೆ ಹೊರಗೆ ಹೋಯ್ತು. ಅದರ ಮೇಲಿನದಕ್ಕೆ ಆಧಾರ ತಪ್ಪಿ ಬಿತ್ತು, ಆ ಭಾರಕ್ಕೆ ಕೆಳಗಿನವೂ ಬಿದ್ದವು. ಕಟ್ಟಡದ ಒಂದು ಮೂಲೆ ಇಸ್ಪೀಟ್ ಎಲೆಯ ಹಾಗೆ ಉದುರಿತು. ನಾಲ್ಕು ಜನ ಸತ್ತರು. 1986ರಲ್ಲಿ ಆ ಕಟ್ಟಡವನ್ನು ಬಿಚ್ಚುವಾಗ ನೋಡಿದರೆ ಕೀಲುಗಳಲ್ಲಿ ಕೆಲವು ಕಡೆ ಗಾರೆಯೇ ಇಲ್ಲ, ಹಳೆ ನ್ಯೂಸ್ ಪೇಪರ್ ತುರುಕಿದ್ದರು! ಯಾವ ಮಾಡೆಲ್ ತಾನೇ ನ್ಯೂಸ್ ಪೇಪರನ್ನು ಲೆಕ್ಕಕ್ಕೆ ಹಿಡಿಯುತ್ತೆ?

ಇನ್ನು ಭೂಕಂಪದ ಉದಾಹರಣೆ. 1988ರ ಡಿಸೆಂಬರ್ 7, ಅರ್ಮೇನಿಯಾದ ಸ್ಪಿಟಾಕ್. ಸುಮಾರು 25,000 ಸಾವು. ಪಕ್ಕದ ಲೆನಿನಾಕಾನ್ ನಗರದಲ್ಲಿ ಬಿಡಿ ಕಂಬ-ತೊಲೆಗಳನ್ನು ಜೋಡಿಸಿ ಕಟ್ಟಿದ್ದ ಒಂಬತ್ತು ಮಹಡಿಯ ಕಟ್ಟಡಗಳು ಸಾಲುಸಾಲಾಗಿ ಕುಸಿದವು. ಅದೇ ಊರಿನ ದೊಡ್ಡ ಪ್ಯಾನೆಲ್ ಕಟ್ಟಡಗಳು ನಿಂತವು. ಎರಡೂ ಕಾರ್ಖಾನೆಯಲ್ಲಿ ತಯಾರಾದ ಕಾಂಕ್ರೀಟೇ. ಒಂದರಲ್ಲಿ ನಾಲ್ಕೂ ಕಡೆ ಗೋಡೆಯೇ ಬಲ ಹೊತ್ತಿತ್ತು, ಇನ್ನೊಂದರಲ್ಲಿ ಎಲ್ಲವೂ ದುರ್ಬಲ ಗಂಟುಗಳ ಮೇಲೆ ನಿಂತಿತ್ತು. ಇಲ್ಲಿಂದ ಎರಡು ಪಾಠ ಸಿಗುತ್ತೆ. ಪ್ಯಾನೆಲ್ ಮನೆ ಭೂಕಂಪಕ್ಕೆ ತಡೆಯಲ್ಲ ಅನ್ನೋದು ಸುಳ್ಳು. ಒಂದೇ ನಕ್ಷೆಯನ್ನು ನೂರು ಸಲ ಕಟ್ಟಿದರೆ, ಅದರಲ್ಲಿರೋ ತಪ್ಪೂ ನೂರು ಸಲ ಕಾಪಿ-ಪೇಸ್ಟ್ ಆಗುತ್ತೆ.

ಈಗ ಕಂಪ್ಯೂಟರ್ ಒಳಗೆ ಏನು ನಡೆಯುತ್ತೆ ಅಂತ ನೋಡೋಣ. ಗೋಡೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕ ಎಷ್ಟು ಹಿಗ್ಗುತ್ತೆ, ಎಷ್ಟು ಜಾರುತ್ತೆ ಅಂತ ಲೆಕ್ಕ ಹಾಕೋದು ಒಂದು ದಾರಿ. ಇದಕ್ಕೆ ಫೈನೈಟ್ ಎಲಿಮೆಂಟ್ ಅಂತಾರೆ. ಇನ್ನೊಂದು ದಾರಿ, ಇಡೀ ಗೋಡೆಯನ್ನು ಅಕ್ಕಪಕ್ಕ ನಿಲ್ಲಿಸಿದ ಒಂದಷ್ಟು ಲಂಬ ಸ್ಪ್ರಿಂಗ್‌ಗಳು, ಅಡ್ಡಕ್ಕೊಂದು ಸ್ಪ್ರಿಂಗ್ ಅಂತ ಭಾವಿಸೋದು. ಎರಡಕ್ಕೂ ಕಷ್ಟ ಕೊಡೋದು ಕಾಂಕ್ರೀಟಿನ ಬಿರುಕು. ಬಿರುಕು ಬಿಟ್ಟ ಕಾಂಕ್ರೀಟ್ ಮೊದಲಿನ ಕಾಂಕ್ರೀಟ್ ಅಲ್ಲ, ಅದರ ಸ್ವಭಾವವೇ ಬೇರೆ. ಟೊರಾಂಟೊ ವಿಶ್ವವಿದ್ಯಾಲಯದ ವೆಕ್ಕಿಯೊ ಮತ್ತು ಕಾಲಿನ್ಸ್ 890 ಮಿ.ಮೀ. ಚೌಕದ, 70 ಮಿ.ಮೀ. ದಪ್ಪದ 30 ಪ್ಯಾನೆಲ್‌ಗಳನ್ನು ಯಂತ್ರದಲ್ಲಿ ಹಿಡಿದು ಎಳೆದು, ತಿರುಚಿ, ಒಡೆದು ನೋಡಿದರು. ಆ ಮೇಲೆ 1986ರಲ್ಲಿ ಪ್ರಕಟಿಸಿದ ಸಿದ್ಧಾಂತವನ್ನು ಇವತ್ತಿಗೂ ಬಳಸ್ತಾರೆ. ಅದಕ್ಕೂ ಮುಂಚೆ ಅವರು ಒಂದು ತಮಾಷೆ ಮಾಡಿದ್ದರು. ನಾಲ್ಕು ಪ್ಯಾನೆಲ್‌ಗಳ ವಿವರ ಕೊಟ್ಟು, "ಇವು ಎಷ್ಟಕ್ಕೆ ಒಡೀತಾವೆ ಹೇಳಿ" ಅಂತ ಬೇರೆ ಬೇರೆ ದೇಶಗಳ ಪರಿಣತರಿಗೆ ಸವಾಲು ಹಾಕಿದರು. ಬಂದ ಉತ್ತರಗಳು ಒಂದಕ್ಕೊಂದು ತಾಳೆಯೇ ಆಗಲಿಲ್ಲ. ಕೀಲಿಲ್ಲದ, ಕಿಟಕಿಯಿಲ್ಲದ, ಅಂಗೈಯಗಲದ ಪ್ಯಾನೆಲ್ಲಿಗೇ ಈ ಗತಿ.

ಕೀಲು ಸೇರಿದರೆ ಕಷ್ಟ ಇನ್ನೂ ಹೆಚ್ಚು. 3 ಮೀಟರ್ ಅಗಲ, 3 ಮೀಟರ್ ಎತ್ತರ, 150 ಮಿ.ಮೀ. ದಪ್ಪದ ಪ್ಯಾನೆಲ್ ಸುಮಾರು 3.4 ಟನ್ ತೂಗುತ್ತೆ. ಅಂಥದ್ದನ್ನು ಒಂದರ ಮೇಲೊಂದು ಇಟ್ಟು, ನಡುವೆ ಗ್ರೌಟ್ ತುಂಬಿ, ಅಲ್ಲಲ್ಲಿ ಕಂಬಿ ಹಾಯಿಸಿರ್ತಾರೆ. ನೆಲ ಅಡ್ಡಕ್ಕೆ ಅಲುಗಾಡಿದಾಗ ಈ ಕೀಲು ಒಂದು ತುದಿಯಲ್ಲಿ ಬಾಯಿ ಬಿಡುತ್ತೆ, ಇನ್ನೊಂದು ತುದಿಯಲ್ಲಿ ಒತ್ತುತ್ತೆ, ನಡುವೆ ಜಾರುತ್ತೆ. ಮರುಕ್ಷಣ ಉಲ್ಟಾ. ಮಾಡೆಲ್ಲಿನಲ್ಲಿ ಇದನ್ನೆಲ್ಲ ಬರೆಯೋಕೆ ಬರುತ್ತೆ, ಒತ್ತಿದರೆ ತಡೆಯುವ ಎಳೆದರೆ ಬಿಡುವ ಎಲಿಮೆಂಟ್‌ಗಳು ಇವೆ. ಆದರೆ ಅದಕ್ಕೆ ಸಮಯ ಬೇಕು, ಪ್ರಯೋಗಾಲಯದ ಅಂಕಿ ಬೇಕು. ಹಾಗಾಗಿ ಅವಸರದಲ್ಲಿರೋರು ಕೀಲನ್ನು 'ಫಿಕ್ಸೆಡ್' ಅಂತ ಟಿಕ್ ಮಾಡಿ ಮುಂದೆ ಹೋಗ್ತಾರೆ. ಅಲ್ಲಿಗೆ ಪ್ಯಾನೆಲ್ ಕಟ್ಟಡ ಒಂದೇ ಬಂಡೆಯಲ್ಲಿ ಕೊರೆದ ಗುಡಿ ಆಗಿಬಿಡುತ್ತೆ! ಚಿತ್ರ ಪೂರ್ತಿ ನೀಲಿ.

ಇದು ನಮ್ಮ ಊರುಗಳಲ್ಲಿ ಎಷ್ಟು ವ್ಯತ್ಯಾಸ ಮಾಡುತ್ತೆ ಅಂತ ಒಂದು ಸಣ್ಣ ಲೆಕ್ಕ ಮಾಡೋಣ, ಗಾಬರಿಯಾಗಬೇಡಿ. ಮೂರು ಮಹಡಿಯ, ಒಟ್ಟು 300 ಟನ್ ತೂಕದ ಮನೆ. ಎರಡನೇ ವಲಯದ ಗುಣಾಂಕ 0.10. 2016ರ ಮಾನಕದ ಸೂತ್ರದಲ್ಲಿ ಅದರ ಅರ್ಧ ತಗೊಂಡು, ಗಿಡ್ಡ ಕಟ್ಟಡಕ್ಕಿರೋ 2.5ರಿಂದ ಗುಣಿಸಿದರೆ 0.125. ಅಂದರೆ 37.5 ಟನ್ ಅಡ್ಡಬಲ. ಆದರೆ ಸಾಧಾರಣ ಚೌಕಟ್ಟಿಗೆ ಅದನ್ನು 3ರಿಂದ ಭಾಗಿಸಿ 12.5 ಟನ್ನಿಗೆ ಕಟ್ಟಿದರೆ ಸಾಕು ಅನ್ನುತ್ತೆ ಮಾನಕ. ಯಾಕೆ ಈ ರಿಯಾಯಿತಿ? ಕಟ್ಟಡದಲ್ಲಿ ಲೆಕ್ಕಕ್ಕೆ ಹಿಡಿಯದ ಒಂದಷ್ಟು ಶಕ್ತಿ ಇರುತ್ತೆ, ಜೊತೆಗೆ ಅದು ಬಿರುಕು ಬಿಟ್ಟು, ಬಾಗಿ, ಆದರೂ ಬೀಳದೆ ನಿಲ್ಲುತ್ತೆ ಅನ್ನೋ ನಂಬಿಕೆ. ಅಂದರೆ ಉಳಿದ 25 ಟನ್ ಸಾಲ ಇದ್ದ ಹಾಗೆ. ಆ ಸಾಲ ತೀರಿಸಬೇಕಾದ್ದು ಕೀಲು, ಗಂಟು, ಕಂಬಿಯ ಕೊಕ್ಕೆಗಳು. ಕೀಲು ಪಟ್ಟನೆ ಮುರಿಯೋ ಜಾತಿಯದಾದರೆ ಸಾಲ ತೀರಿಸೋರೇ ಇಲ್ಲ.

ಇನ್ನು ಮಣ್ಣು. ಕುರುಗೋಡಿನಲ್ಲಿ ಗ್ರಾನೈಟ್ ಗುಡ್ಡ, ದೊಡ್ಡ ಬಸವೇಶ್ವರನ ಬೃಹತ್ ನಂದಿ ಇರೋ ಊರು. ಸಿರುಗುಪ್ಪ ತುಂಗಭದ್ರೆಯ ದಡದಲ್ಲಿ, ಭತ್ತದ ಗದ್ದೆ, ಕಪ್ಪು ಮಣ್ಣು. ಮೇಲಿನ ಮನೆ ಗಟ್ಟಿಯಾಗಿದ್ದಾಗ ಅದು ಒಂದು ಸಲ ತೂಗಾಡೋಕೆ ಸುಮಾರು 0.3 ಸೆಕೆಂಡ್ ತಗೊಳ್ಳುತ್ತೆ ಅಂತಿಟ್ಟುಕೊಳ್ಳಿ. ಆಗ ಸೂತ್ರದ ಪ್ರಕಾರ ಎರಡೂ ಊರಿಗೆ ಅದೇ 2.5. ಆದರೆ ಕೀಲುಗಳು ಸಡಿಲವಾಗಿ ತೂಗಾಟ 0.6 ಸೆಕೆಂಡಿಗೆ ಏರಿದರೆ? ಬಂಡೆಯ ಮೇಲಿನ ಕುರುಗೋಡಿನಲ್ಲಿ 2.5 ಇದ್ದದ್ದು ಸುಮಾರು 1.67ಕ್ಕೆ ಇಳಿಯುತ್ತೆ. ಮೆತ್ತನೆ ಮಣ್ಣು ಆಳವಾಗಿರೋ ಸಿರುಗುಪ್ಪದ ಸೈಟಿನಲ್ಲಿ 2.5 ಹಾಗೇ ನಿಲ್ಲುತ್ತೆ. ಒಂದೇ ಕಾರ್ಖಾನೆಯ ಒಂದೇ ಮನೆ, ಒಂದೇ ತಾಸಿನ ದಾರಿಯಲ್ಲಿ ಎರಡು ಬೇರೆ ಫಲಿತಾಂಶ. ಕೀಲು ಫಿಕ್ಸೆಡ್ ಅಂತ ಬರೆದ ಮಾಡೆಲ್ಲಿಗೆ ಈ ವ್ಯತ್ಯಾಸ ಕಾಣೋದೇ ಇಲ್ಲ. ಇದರ ಮೇಲೆ ಕಪ್ಪು ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುತ್ತೆ ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಪಾಯ ಸರಿಯಿಲ್ಲದಿದ್ದರೆ ಭೂಕಂಪ ಬರೋಕೆ ಮುಂಚೆಯೇ ಕೀಲುಗಳು ಸೊಟ್ಟಗಾಗಿರ್ತವೆ.

"ಪ್ಯಾನೆಲ್ ಮನೆ ಬಂದಾಗ ನೋಡೋಣ ಬಿಡಪ್ಪ" ಅನ್ನೋರಿಗೆ ಇನ್ನೊಂದು ಮಾತು. ಗೋಡೆಯನ್ನು ಮಾಡೆಲ್ಲಿನಲ್ಲಿ ಹೇಗೆ ಬರೀತೀವಿ ಅನ್ನೋ ಪ್ರಶ್ನೆ ಈಗಿನ ಪಿಲ್ಲರ್ ಮನೆಗಳಿಗೂ ಇದೆ. ಕೆಳಗೆ ಪಾರ್ಕಿಂಗೋ ಮಳಿಗೆಯೋ, ಮೇಲೆ ಇಟ್ಟಿಗೆ ಗೋಡೆ ತುಂಬಿದ ಮನೆಗಳು. ಲೆಕ್ಕದಲ್ಲಿ ಇಟ್ಟಿಗೆ ಗೋಡೆ ಬರೀ ತೂಕ. ಹಾಗಾಗಿ ಎಲ್ಲ ಮಹಡಿಯೂ ಒಂದೇ ಥರ ಕಾಣುತ್ತೆ. ನಿಜದಲ್ಲಿ ಮೇಲಿನ ಮಹಡಿಗಳು ಪೆಟ್ಟಿಗೆಯ ಹಾಗೆ ಗಟ್ಟಿ, ಕೆಳಗಿನದು ಬರೀ ಕಾಲು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಸುಮಾರು 250 ಕಿ.ಮೀ. ದೂರದ ಅಹಮದಾಬಾದಿನಲ್ಲಿ ಬಿದ್ದ ಅಪಾರ್ಟ್‌ಮೆಂಟ್‌ಗಳಲ್ಲಿ ಬಹಳಷ್ಟು ಇಂಥವೇ. ಇಟ್ಟಿಗೆ ಗೋಡೆಯನ್ನು ಓರೆ ಊರುಗೋಲಿನ ಹಾಗೆ ಲೆಕ್ಕಕ್ಕೆ ಹಿಡಿಯಿರಿ ಅಂತ 2016ರ ಮಾನಕ ಸೂತ್ರವನ್ನೇ ಕೊಟ್ಟಿದೆ. ನಮ್ಮ ಬಡಾವಣೆಯ ಮನೆಗಳಿಗೆ ಯಾರು ಹಾಗೆ ಮಾಡ್ತಾರೆ?

ನನ್ನ ಜೊತೆ ವಾದ ಮಾಡೋರು ಎರಡು ಮಾತು ಹೇಳ್ತಾರೆ, ಎರಡರಲ್ಲೂ ಹುರುಳಿದೆ. ಮೊದಲನೆಯದು, ನಮ್ಮ ಜಿಲ್ಲೆಗೆ ಬಿಸಿಲು, ನೀರು, ಧೂಳು ದೊಡ್ಡ ಸಮಸ್ಯೆ, ನೂರಾರು ವರ್ಷಕ್ಕೊಮ್ಮೆ ಬರೋ ಭೂಕಂಪಕ್ಕೆ ದುಡ್ಡು ಸುರಿಯೋದು ಯಾಕೆ? ಒಪ್ಪಿದೆ, ದುಡ್ಡು ಸುರಿಯೋದು ಬೇಡ. ಆದರೆ ಕಟ್ಟಡ ಬೀಳೋಕೆ ಭೂಕಂಪವೇ ಬೇಕಾ? 2010ರ ಜನವರಿಯಲ್ಲಿ ಬಳ್ಳಾರಿಯಲ್ಲೇ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು ಕಾರ್ಮಿಕರು ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಬಿದ್ದ ಕಟ್ಟಡದಲ್ಲಿ 19 ಜನ ಹೋದರು. ಎರಡೂ ದಿನ ಭೂಮಿ ನಡುಗಿರಲಿಲ್ಲ. ನೆಟ್ಟಗೆ ನಿಲ್ಲೋಕೇ ಕಷ್ಟಪಡೋ ಕಟ್ಟಡ ಅಲುಗಾಡಿದರೆ ಏನಾಗುತ್ತೆ? ಗಂಟು-ಕೀಲು ಗಟ್ಟಿ ಮಾಡೋ ಖರ್ಚು ಟೈಲ್ಸ್ ಖರ್ಚಿನ ಮುಂದೆ ಏನೂ ಅಲ್ಲ. ಲಾಭ ಮಾತ್ರ ಎಲ್ಲ ದಿನಕ್ಕೂ.

ಎರಡನೆಯದು, ಮೇಸ್ತ್ರಿ ಕಟ್ಟೋ ಮನೆಗೆ ಕಂಪ್ಯೂಟರ್ ಮಾಡೆಲ್ ಯಾಕೆ? ಒಂದೇ ಮನೆಗಾದರೆ ಬೇಡ ನಿಜ. ಆದರೆ ಪ್ಯಾನೆಲ್ ಸಾವಿರ ಸಲ ಬಳಸೋ ವಸ್ತು. ಒಂದು ಸಲ ಸರಿಯಾಗಿ ಮಾಡೆಲ್ ಮಾಡಿ, ಒಂದು ಸಲ ನಿಜವಾಗಿ ಒಡೆದು ನೋಡಿದರೆ ಸಾವಿರ ಮನೆಗೆ ಅದರ ಪುಣ್ಯ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1999ರಲ್ಲಿ ನೈಜೆಲ್ ಪ್ರೀಸ್ಟ್ಲಿ ಮತ್ತವರ ಜೊತೆಗಾರರು ಐದು ಮಹಡಿಯ ಪ್ರೀಕಾಸ್ಟ್ ಕಟ್ಟಡವನ್ನು ಶೇಕಡಾ 60ರ ಅಳತೆಯಲ್ಲಿ ಕಟ್ಟಿ ಅಲುಗಾಡಿಸಿ ನೋಡಿದರು. ಅದರಲ್ಲಿ ಕೀಲಿನ ದೌರ್ಬಲ್ಯವನ್ನೇ ಉಪಯೋಗಕ್ಕೆ ತಂದರು. ಗೋಡೆ ಬೇಕೆಂದೇ ತೊಟ್ಟಿಲಂತೆ ವಾಲಲಿ, ಪ್ಯಾನೆಲ್‌ಗಳ ನಡುವಿನ ಯು ಆಕಾರದ ಉಕ್ಕಿನ ಪಟ್ಟಿ ಬಾಗಿ ಪೆಟ್ಟು ತಿನ್ನಲಿ, ಒಳಗಿನ ಬಿಗಿದ ಕೇಬಲ್ ಗೋಡೆಯನ್ನು ಮತ್ತೆ ನೆಟ್ಟಗೆ ಎಳೆಯಲಿ ಅಂತ. ಗೋಡೆಗಳ ದಿಕ್ಕಿನಲ್ಲಿ ಹಾನಿ ತೀರಾ ಕಡಿಮೆ ಆಯ್ತು. ಮೊದಲು ಕೀಲನ್ನು ಇದ್ದ ಹಾಗೆ ಮಾಡೆಲ್ ಮಾಡಿದ್ದರಿಂದಲೇ ಅವರಿಗೆ ಈ ಉಪಾಯ ಹೊಳೆದದ್ದು ಅಂತ ನನ್ನ ಅನಿಸಿಕೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ದೊಡ್ಡ ಮಾತು ಬೇಡ, ಮೂರೇ ಮೂರು ಕೇಳ್ತೀನಿ.

1. ಸರ್ಕಾರದ ದುಡ್ಡಿನಲ್ಲಿ ಪ್ಯಾನೆಲ್ ಮನೆ ಕಟ್ಟಿದರೆ, ಮಾಡೆಲ್ಲಿನ ಬಣ್ಣದ ಚಿತ್ರ ಬೇಡ, ಅದರಲ್ಲಿ ಕೀಲನ್ನು ಏನಂತ ಬರೆದಿದ್ದಾರೆ, ಆ ಅಂಕಿ ಯಾವ ಪರೀಕ್ಷೆಯಿಂದ ಬಂತು, ಮಣ್ಣು ಯಾವುದು ಅಂತ ತಿಳಿಸೋ ಎರಡು ಪುಟ ಎಲ್ಲರಿಗೂ ಸಿಗುವಂತಿರಲಿ. ಸೋರ್ಸ್ ಕೋಡ್ ತೆರೆದಿಟ್ಟರೆ ತಪ್ಪು ಬೇಗ ಸಿಗುತ್ತೆ ಅನ್ನೋದು ನಮ್ಮ ಕ್ಷೇತ್ರ ಕಲಿತ ಪಾಠ.

2. ಸೈಟಿನಲ್ಲಿ ಗ್ರೌಟ್ ತುಂಬಿದ ಪ್ರತಿ ಕೀಲಿಗೂ, ಮುಚ್ಚೋ ಮುಂಚೆ ಒಂದು ಫೋಟೋ. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ನ್ಯೂಸ್ ಪೇಪರ್ ತುರುಕೋರಿಗೆ ಅಷ್ಟೇ ಭಯ ಸಾಕು.

3. ಬಳ್ಳಾರಿಯಲ್ಲೇ ಇಂಜಿನಿಯರಿಂಗ್ ಕಾಲೇಜುಗಳಿವೆ, ಪ್ರತಿ ವರ್ಷ ಸಿವಿಲ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ಮಾಡಲೇಬೇಕು. ಬರ್ಕ್ಲಿಯಲ್ಲಿ ಹುಟ್ಟಿದ ಓಪನ್‌ಸೀಸ್ ತಂತ್ರಾಂಶ ಕಲಿಕೆಗೆ, ಸಂಶೋಧನೆಗೆ ದುಡ್ಡಿಲ್ಲದೆ ಸಿಗುತ್ತೆ. ಎಲ್ಲೋ ಇರುವ ಮೂವತ್ತು ಮಹಡಿಯ ಕಾಲ್ಪನಿಕ ಗೋಪುರದ ಬದಲು ಮೂರು ನಿಜವಾದ ಮನೆ ಹಿಡೀರಪ್ಪ: ಕುರುಗೋಡಿನ ಕಲ್ಲಿನ ಮಾಳಿಗೆ ಮನೆ, ಸಿರುಗುಪ್ಪದ ಕಪ್ಪು ಮಣ್ಣಿನ ಮೇಲಿನ ಪಿಲ್ಲರ್ ಮನೆ, ನಗರದ ಕೆಳಗೆ ಮಳಿಗೆ ಮೇಲೆ ಬಾಡಿಗೆ ಮನೆ. ಎಲ್ಲಿ ಮೊದಲು ಬಿರುಕು ಬಿಡುತ್ತೆ, ಅಲ್ಲಿ ಎಷ್ಟು ಕಂಬಿ, ಕೊಕ್ಕೆ ಎಷ್ಟು ಬಾಗಿಸಬೇಕು ಅಂತ ಕನ್ನಡದಲ್ಲಿ, ಚಿತ್ರದಲ್ಲಿ, ಒಂದೇ ಹಾಳೆಯಲ್ಲಿ ಬರೆದು ಬಾರ್ ಬೆಂಡಿಂಗ್ ಮಾಡೋರ ಕೈಗೆ ಕೊಡಿ. ಥೀಸಿಸ್ ಲೈಬ್ರರಿಯಲ್ಲಿ ಧೂಳು ತಿನ್ನೋದಕ್ಕಿಂತ ಇದು ವಾಸಿ.

ಮಾಡೆಲ್ ಅನ್ನೋದು ಒಂದು ಪ್ರಶ್ನೆ ಕೇಳೋ ಸಾಧನ. "ಈ ಕೀಲು ಸಡಿಲ ಆದರೆ ಏನಾಗುತ್ತೆ?" ಅಂತ ಯಾರ ಜೀವವೂ ಹೋಗದೆ ಸಾವಿರ ಸಲ ಕೇಳಿ ನೋಡಬಹುದು, ಅದೇ ಅದರ ದೊಡ್ಡ ಗುಣ. ನಾವು ಅದನ್ನು ಸರ್ಟಿಫಿಕೇಟ್ ಕೊಡೋ ಯಂತ್ರ ಮಾಡಿಕೊಂಡುಬಿಟ್ಟರೆ ಪ್ರಶ್ನೆಗಳೇ ನಿಂತುಹೋಗ್ತವೆ. ಕಿಲ್ಲಾರಿಯವರಿಗೂ ಒಂದು ನಕಾಶೆ ಸರ್ಟಿಫಿಕೇಟ್ ಕೊಟ್ಟಿತ್ತು.

ನೀವು ಮನೆ ಕಟ್ಟಿಸುವವರಾಗಿದ್ದರೆ, ಫ್ಲ್ಯಾಟ್ ಕೊಳ್ಳುವವರಾಗಿದ್ದರೆ, ಟೈಲ್ಸ್ ಯಾವ ಕಂಪನಿಯದ್ದು ಅಂತ ಕೇಳುವ ಮುಂಚೆ ಇದೊಂದನ್ನು ಕೇಳಿ: "ಈ ಗೋಡೆ, ಆ ಗೋಡೆ ಎಲ್ಲಿ ಸೇರುತ್ತೆ, ಹೇಗೆ ಸೇರಿಸಿದ್ದೀರಿ, ತೋರಿಸಿ." ಉತ್ತರ ಬರೋಕೆ ತಡವಾದರೆ ಇನ್ನೊಂದು ಸಲ ಕೇಳಿ.